ಸ್ವಲ್ಪ ಮಟ್ಟಿಗೆ ಹೌದು

ಮೊದಲ ಸಲ ಮೂವತ್ತೊಂದು ಬಂತು.
ಗೆರೆ ಇರುವುದು ಮೂವತ್ತೆರಡಕ್ಕೆ.
ಒಂದೇ ಒಂದು ಅಂಕದ ಈಚೆ ದಡದಲ್ಲಿ ನಿಂತು
ಅಡುಗೆಮನೆಯ ದೀಪ ಆರಿಸಿದೆ, ಮತ್ತೆ ಹಚ್ಚಿದೆ.

ತಂಗಿಯ ಮಗ ತೊಮೆಗೆ ಆರು ವರ್ಷ.
ಅವನಿಗೆ ಹೆಸರು ಸಿಕ್ಕಿದೆ: ಎರಡು ಹಾಳೆ,
ಕೆಳಗೆ ಪೋರ್ತೊ ಆಸ್ಪತ್ರೆಯ ಮೊಹರು.
ತಂಗಿ ಅತ್ತಳು. ನಾನು ಓದಿದೆ.
ಬೆರಳಿಟ್ಟು ಸಾಲು ಸಾಲೇ ಓದುತ್ತ
ಇದು ಯಾರ ಬಗ್ಗೆ ಬರೆದದ್ದು ಎಂದು ಕೇಳಬೇಕೆನಿಸಿತು.
ಮೇಜಿನ ಕೆಳಗೆ ಗುಂಡಿ ಜೋಡಿಸುತ್ತಿದ್ದ ಹುಡುಗ
ನನ್ನ ಪಾದ ಮುಟ್ಟದೆ ಸುತ್ತಿಕೊಂಡು ಹೋದ.
ಅದು ನಾವಿಬ್ಬರೇ ಬಲ್ಲ ಮರ್ಯಾದೆ.

ಪ್ರಶ್ನೆ ಹನ್ನೆರಡು: ಜನರ ನಡುವೆ ನೀವು ಸರಾಗವಾಗಿರುತ್ತೀರಾ?
ಯಾವ ಜನ?
ಅಮಾದೆವು ತೀರಿಕೊಂಡಾಗ ಇಡೀ ಇರುಳು ಸರಾಗವಾಗಿದ್ದೆ.
ಸಾವಿನ ಮನೆಯಲ್ಲಿ ಎಲ್ಲರಿಗೂ ಒಂದೇ ಮಾತು, ಒಂದೇ ದನಿ,
ಕೈ ಎಲ್ಲಿಡಬೇಕು ಎಂಬುದೂ ಗೊತ್ತು.
ಹುಟ್ಟುಹಬ್ಬವಾದರೆ ಬಚ್ಚಲಿಗೆ ಹೋಗಿ
ಗೋಡೆಯ ನೀಲಿ ಬಿಲ್ಲೆ ಎಣಿಸುತ್ತೇನೆ.
ಇದನ್ನು ಯಾವ ಚೌಕಕ್ಕೆ ತುಂಬಲಿ?

ಇರುವುದು ನಾಲ್ಕೇ ಚೌಕ.
ನಾನು ಎಡತಾಕುವುದು ಎರಡನೆಯದಕ್ಕೆ: ಸ್ವಲ್ಪ ಮಟ್ಟಿಗೆ ಹೌದು.
ಸ್ವಲ್ಪ ಎಂದರೆ ಎಷ್ಟು?
ಉಪ್ಪಿನ ಚಿಟಿಕೆಯಷ್ಟೋ, ಬಾಗಿಲು ಓರೆಮಾಡಿದಷ್ಟೋ?
ಹೀಗೆ ಕೇಳಿಕೊಂಡು ಕೂತವಳಿಗೆ
ಎರಡಂಕ ಮೇಲೆ ಹಾಕಬೇಕಲ್ಲವೇ?
ಆ ಪ್ರಶ್ನೆ ಪಟ್ಟಿಯಲ್ಲಿಲ್ಲ.

ಎರಡನೇ ರಾತ್ರಿ ಮೂವತ್ತನಾಲ್ಕು.
ಅಂದು ಕಾರ್ಖಾನೆಯ ಕಂಪ್ರೆಸರ್ ಕೆಟ್ಟು ಹಗಲೆಲ್ಲ ಕಿರುಚಿತ್ತು.
ಭಾನುವಾರ ಇಗರ್ಜಿಯಿಂದ ಬಂದು
ಎಲೆಕೋಸಿನ ಸಾರು ಕುಡಿದು ಬರೆದರೆ ಇಪ್ಪತ್ತೆಂಟು.
ಭಾನುವಾರದ ಮಟ್ಟಿಗೆ ನಾನು ವಾಸಿಯೋ?
ಈ ತಕ್ಕಡಿ ತೂಗಿದ್ದು ನನ್ನನ್ನೋ, ಸದ್ದನ್ನೋ?

ಕೆಲಸ ಏನೆಂದು ಹೇಳಲಿಲ್ಲ.
ಫಮಲಿಕಾಂವ್ ಊರಿನ ಅಂಗಿ ಕಾರ್ಖಾನೆಯಲ್ಲಿ
ಮೂವತ್ತಮೂರು ವರ್ಷದಿಂದ ಕೊರಳಪಟ್ಟಿಗೆ ಚೀಟಿ ಹೊಲಿಯುತ್ತೇನೆ.
ಗಂಟೆಗೆ ಇನ್ನೂರ ನಲವತ್ತು.
ಬೆಳಿಗ್ಗೆ ಸಂತೆ ಅಂಗಡಿಯ ಚೀಟಿ, ಊಟದ ಮೇಲೆ ಪ್ಯಾರಿಸ್ಸಿನದು.
ಥಾನು ಒಂದೇ, ನೂಲೂ ಒಂದೇ.
ಮನೆಗೆ ಬಂದು ನನ್ನ ಅಂಗಿಗಳ ಚೀಟಿ
ಬುಡಸಮೇತ ಕತ್ತರಿಸಿ ಹಾಕುತ್ತೇನೆ.
ಕುತ್ತಿಗೆಗೆ ಅದರ ಅಂಚು ತಾಗಿದರೆ
ಆ ದಿನ ಬೇರೇನೂ ಕಿವಿಗೆ ಬೀಳುವುದಿಲ್ಲ.
ಪ್ರಶ್ನೆ ಮೂವತ್ತೇಳು. ಪೂರ್ತಿ ಹೌದು.

ನೆಂಟರು ಬಂದರೆ ಅಟ್ಟ ಹತ್ತುತ್ತಿದ್ದವಳನ್ನು
ಅಮ್ಮ ಪೊದೆಯ ಪ್ರಾಣಿ ಎಂದಳು.
ಕಡ್ಡಿ ಮುರಿದಂತೆ ಮಾತು ಎಂದರು ಗಂಡನ ಕಡೆಯವರು.
ಯಂತ್ರ ಕಣೇ ನೀನು ಎಂದಳು ಮೇಲ್ವಿಚಾರಕಿ,
ಹೊಗಳಿದ್ದಂತೆ ಅದು.
ಇವನ್ನೆಲ್ಲ ನನಗೆ ಹೊಲಿಯುವಾಗ
ಯಾರೂ ಐವತ್ತು ಪ್ರಶ್ನೆ ಕೇಳಿರಲಿಲ್ಲ.

ಆರೋಗ್ಯ ಕೇಂದ್ರದ ಡಾಕ್ಟರು ಕನ್ನಡಕ ಹಣೆಗೇರಿಸಿದರು.
"ಐವತ್ತನಾಲ್ಕಕ್ಕೆ ಇದೇಕೆ, ದೊನಾ ದಿಯೋಲಿಂದಾ?
ಸಂಸಾರ ಮಾಡಿದಿರಿ, ಮಗಳನ್ನು ಓದಿಸಿದಿರಿ,
ನೋಡಿ, ನನ್ನ ಕಣ್ಣನ್ನೇ ನೋಡಿ ಮಾತಾಡುತ್ತಿದ್ದೀರಿ."
ನಾನು ನೋಡುತ್ತಿದ್ದದ್ದು ಅವರ ಹುಬ್ಬುಗಳ ನಡುವೆ.
ಹದಿಮೂರರಲ್ಲಿ ಕನ್ನಡಿ ಮುಂದೆ ಕಲಿತ ವಿದ್ಯೆ.
ಹೇಳಲಿಲ್ಲ.
ಬರಲಿಕ್ಕಿಲ್ಲ ಆ ಹೆಸರು ನನಗೆ, ಬೇಡವೂ ಇರಬಹುದು,
ಆದರೂ ಸರದಿಗೆ ಬರೆಸಿದೆ. ಹದಿನೇಳು ತಿಂಗಳು.

ಗುರುವಾರ ತೊಮೆ ಬಂದಿದ್ದ.
ಕಾರ್ಖಾನೆಯಲ್ಲಿ ಓರೆ ಬಂದು ಎಸೆದ ಚೀಟಿಗಳನ್ನು
ಡಬ್ಬಿ ತುಂಬ ತಂದಿಟ್ಟಿದ್ದೆ ಅವನಿಗೆ.
ಎಲ್ಲವನ್ನೂ ಬೋರಲು ಜೋಡಿಸಿದ, ಹೆಸರು ಕೆಳಗೆ.
ಯಾಕೋ ಎಂದೆ. "ಆ ಕಡೆ ಬರೀ ಜಂಬ" ಅಂದ.
ಒಂದನ್ನು ಆರಿಸಿ ನನ್ನತ್ತ ತಳ್ಳಿದ.

ಹಿಂಬದಿಯಲ್ಲಿ ಸಣ್ಣ ಅಕ್ಷರ:
ತಣ್ಣೀರು. ಹಿಂಡಬಾರದು. ನೆರಳಲ್ಲಿ ಒಣಹಾಕಿ.
ಇಷ್ಟನ್ನು ಬರೆದುಕೊಡುವುದಾದರೆ, ಡಾಕ್ಟರೇ,
ನಾನು ಕಾಯುತ್ತೇನೆ.