ಬುದ್ಧಿಹಲ್ಲಿನ ಗೆರೆ

ನವನಗರದ ದಂತ ಕಾಲೇಜು, ಮೂರನೇ ಮಹಡಿ.
ಹಲ್ಲು ಸೀಳುವುದು, ತೇಯುವುದು ನನ್ನ ಕೆಲಸ,
ಬೆಳಕು ಹಾಯುವಷ್ಟು ತೆಳ್ಳಗೆ,
ಗಾಜಿಗೆ ಅಂಟಿಸಿ ನಂಬರು ಬರೆಯುವುದು.

ಹುಂಡೇಕಾರ ಮೇಡಂ ಒಂದು ದಿನ ಪರದೆಯ ಮೇಲೆ ತೋರಿಸಿದರು:
ಆಫ್ರಿಕಾದ ಯಾವುದೋ ಗವಿಯ ಕೂಸು,
ಕಲ್ಲಾದ ದವಡೆ.
"ವಯಸ್ಸೆಷ್ಟು, ಹೇಳು ರೇಣವ್ವ?"
ಹಿಂದಿನ ದವಡೆಹಲ್ಲು ಆಗಲೇ ಮೂಡಿತ್ತು.
"ಆರು" ಅಂದೆ.
"ಗೆರೆ ಎಣಿಸು."

ಎಣಿಸಿದೆ. ದಿನಕ್ಕೊಂದು ಎಳೆ,
ಅಪ್ಪನ ಮಗ್ಗದ ಹೊಕ್ಕಿನ ಹಾಗೆ ಒಂದರ ಬೆನ್ನಿಗೊಂದು;
ಏಳೆಂಟು ಎಳೆಗೊಮ್ಮೆ ದಪ್ಪನೆಯದೊಂದು,
ಯಾವ ವಾರಕ್ಕೂ ಹೊಂದದ ಸಂತೆ.
ಒಳತುದಿಯಲ್ಲಿ, ಎಲ್ಲಕ್ಕಿಂತ ಕಪ್ಪಗೆ, ಹುಟ್ಟಿದ ದಿನ:
ಮೊದಲ ಉಸಿರಿನ ಗಾಬರಿ ಹಾಗೇ ಗಟ್ಟಿಯಾಗಿ.
ಪಕ್ಕದ ಹಲ್ಲನ್ನೂ ಕೂಡಿಸಿದರೆ
ಮೂರು ವರ್ಷ, ಒಂಬತ್ತು ತಿಂಗಳು.
ಅಷ್ಟೇ.

ಅಷ್ಟರೊಳಗೆ ಅಗಿಯಲು ಕಲಿತಿತ್ತು
ನಾರು, ಗೆಡ್ಡೆ, ಗೆಡ್ಡೆಗಂಟಿದ ಮರಳು.
ಕಂಕುಳಿಂದ ಬೇಗ ಇಳಿದಿರಬೇಕು.
ಕತೆ ಕೇಳಲು ಹೊತ್ತಿರಲಿಲ್ಲ,
ಕತೆಯೇ ಇನ್ನೂ ಹುಟ್ಟಿರಲಿಲ್ಲವೋ ಏನೋ.

ಮನೆಗೆ ಬಂದು ಅಕ್ಕನ ಮಗ ಗುರುಸಿದ್ದನ ಬಾಯಿ ತೆರೆಸಿ
ಮೊಬೈಲಿನ ಬೆಳಕು ಹಿಡಿದೆ.
ಆರು ತುಂಬಿ ತಿಂಗಳಾಗಿದೆ.
ಅಲುಗಾಡುವ ಮುಂದಿನ ಹಲ್ಲನ್ನು ಓಣಿಗೆಲ್ಲ ತೋರಿಸುತ್ತಾನೆ;
ಹಿಂದೆ, ಯಾವ ಹಲ್ಲೂ ಬೀಳದೆ, ಯಾರಿಗೂ ಹೇಳದೆ
ಒಂದು ಮೂಲೆ ಬೆಳ್ಳಗೆ ಎದ್ದಿತ್ತು.
"ಏನದ ಚಿಗವ್ವ?"
"ಏನಿಲ್ಲ, ಬಾಯಿ ಮುಚ್ಚು."
ಇನ್ನೂ ರೊಟ್ಟಿಯನ್ನು ಹಾಲಲ್ಲಿ ನೆನೆಸಿಕೊಡು ಅನ್ನುತ್ತಾನೆ.
ಕೊಡುತ್ತೇನೆ. ಆ ಕೂಸಿಗೆ ಸಿಗದ ಎರಡು ವರ್ಷ ಚಿಲ್ಲರೆ
ಬಟ್ಟಲಲ್ಲಿ ಮೆತ್ತಗಾಗುತ್ತದೆ.

ಹೋದ ವರ್ಷ ನನ್ನ ಬುದ್ಧಿಹಲ್ಲು ಕೀಳಿಸಿದಾಗ ಒಗೆಯಲಿಲ್ಲ.
ಎಲ್ಲರೂ ಹೋದ ಮೇಲೆ ನಾನೇ ಸೀಳಿದೆ.
ಹತ್ತನೇ ವರ್ಷದ ಹತ್ತಿರ ಗೆರೆಗಳು ಒತ್ತಿಕೊಂಡು
ಒಂದು ಕಪ್ಪು ಪಟ್ಟಿ.
ಜ್ವರ ಬಂದರೆ ಹೀಗಾಗುತ್ತದೆ, ವಿದ್ಯಾರ್ಥಿಗಳಿಗೆ ಹೇಳುತ್ತೇವೆ.
ಬಂದಿದ್ದಿರಬಹುದು.
ಆ ವರ್ಷ ಹಿನ್ನೀರು
ಹಳೇ ಬಾಗಲಕೋಟೆಯ ನಮ್ಮ ಹೊಸ್ತಿಲಿಗೆ ಬಂದಿತ್ತು.
ಅಪ್ಪ ಮಗ್ಗ ಬಿಚ್ಚಿ ಟ್ರ್ಯಾಕ್ಟರಿಗೆ ಹೇರಿದ,
ಲಾಳಿ ನನ್ನ ಕೈಲಿತ್ತು.
"ಇನ್ನ ನೀ ದೊಡ್ಡಾಕಿ ಆದಿ" ಅಂದಳು ಅವ್ವ,
ತಮ್ಮನನ್ನು ನನ್ನ ಸೊಂಟಕ್ಕಿಟ್ಟು.

ಬೇಸಿಗೆಯಲ್ಲಿ ನೀರಿಳಿದಾಗ ಆ ಗೋಡೆ ಇನ್ನೂ ಕಾಣುತ್ತದೆ,
ಮೈತುಂಬ ಅಡ್ಡ ಗೆರೆ.
ಎಣಿಸಲು ಹೋಗಿಲ್ಲ.

ಭಾನುವಾರ ಗುರುಸಿದ್ದನ ಹಲ್ಲು ಬಿತ್ತು,
ಜೋಳದ ಕಾಳಿನಷ್ಟು, ಬುಡದಲ್ಲಿ ತುಸು ರಕ್ತ.
"ಸೀಳಿ ನೋಡತೀ ಏನ?"
"ಬ್ಯಾಡೋ."
ಸೆಗಣಿಯಲ್ಲಿ ಸುತ್ತಿ ಇಬ್ಬರೂ ಅಂಗಳಕ್ಕೆ ನಿಂತೆವು.
ಒಗೆದ.
ತಗಡಿನ ಮೇಲೆ ಒಮ್ಮೆ ಸದ್ದಾಯಿತು,
ಇನ್ನೊಮ್ಮೆ ಆಗಬಹುದೆಂದು
ಬಾಯಿ ತೆರೆದು ಕಾಯುತ್ತ ನಿಂತ.