ಟಿಕೆಟ್ಟಿನ ಹಿಂಬದಿ

ಸಾಗರ ರಸ್ತೆಯಲ್ಲಿ, ಟೈರ್ ಅಂಗಡಿ ದಾಟಿದ ಮೇಲೆ
ತಗಡಿನ ನೆರಳಲ್ಲಿ ಹನ್ನೊಂದು ಹಳೇ ಕಾರು.
ಮೂರನೆಯದು ನನ್ನದು.
ಹಾಗಂತ ಮುಖದಲ್ಲಿ ಕಾಣಬಾರದು ಅಂತ
ಡಿಪೋ ಮೆಕ್ಯಾನಿಕ್ ಖಲಂದರ್ ದಾರಿಯುದ್ದಕ್ಕೂ ಹೇಳಿಕೊಟ್ಟಿದ್ದ:
'ಮೊದಲು ಆ ಕೆಂಪು ಗಾಡಿ ಬಾಗಿಲು ತೆಗಿ, ಮೂಗು ಮುರಿ.
ಆಮೇಲೆ ಬೇಕೋ ಬೇಡವೋ ಅನ್ನೋ ಹಾಗೆ
ಬೂದಿ ಬಣ್ಣದ್ದರ ಹತ್ರ ಬಾ.'

ನನಗೆ ಚೌಕಾಸಿ ಬರುವುದಿಲ್ಲ.
ಇಪ್ಪತ್ತೆರಡು ವರ್ಷ ನಾನು ಹರಿದುಕೊಟ್ಟದ್ದಕ್ಕೆಲ್ಲ
ಸರ್ಕಾರವೇ ಬೆಲೆ ಅಚ್ಚು ಹಾಕಿತ್ತು.
ಕುಂಸಿಗೆ ಇಷ್ಟು, ಆನಂದಪುರಕ್ಕೆ ಇಷ್ಟು,
ಮಗುವಿಗೆ ಅರ್ಧ, ಕೋಳಿಗೂ ಅರ್ಧ.
'ಎರಡು ರೂಪಾಯಿ ಬಿಡಮ್ಮ' ಅಂದವರಿಗೆ
ಸೀಟಿ ಊದಿ ಬಾಗಿಲು ತೋರಿಸಿದ್ದೇನೆ.

ಹಾಲೇಶ ಟೀ ತರಿಸಿದ.
ಕುಡಿದರೆ ಐದು ಸಾವಿರ ಹೋಯ್ತು ಅಂತ ಖಲಂದರನ ಕಣ್ಣು.
ಕುಡಿದೆ. ಶುಂಠಿ ಚೆನ್ನಾಗಿತ್ತು.

'ಎರಡು ಎಂಬತ್ತೈದು ಅಕ್ಕ. ಡಾಕ್ಟರೊಬ್ಬರೇ ಓಡಿಸಿದ್ದು,
ಮನೆಯಿಂದ ಕ್ಲಿನಿಕ್ಕು, ಕ್ಲಿನಿಕ್ಕಿಂದ ಮನೆ.'
ಖಲಂದರ್ ಅಂಗಾತ ಮಲಗಿ ಗಾಡಿಯಡಿ ತೂರಿದ,
ಎದ್ದು ಬಂದು, ಬೆರಳಿಗೆ ಹತ್ತಿದ ತುಕ್ಕನ್ನು
ಹಾಲೇಶನ ಮೇಜಿಗೆ ನಿಧಾನ ಒರೆಸಿದ.
'ಡಾಕ್ಟ್ರು ಕ್ಲಿನಿಕ್ ಹೊಳೆಯೊಳಗೆ ಇಟ್ಟಿದ್ರಾ?'

ಎಪ್ಪತ್ತೈದಾಯಿತು.
ಎಡಗಡೆ ಟೈರು ಬೋಳು, ಇನ್ಶೂರೆನ್ಸ್ ಬರೋ ತಿಂಗಳು ಖತಂ.
ಎಪ್ಪತ್ತಾಯಿತು.
'ಓನರನ್ನೇ ಕೇಳ್ತೀನಿ' ಎಂದು ಹಾಲೇಶ ಆಚೆ ಹೋದ,
ಫೋನು ಕಿವಿಗಿಟ್ಟು ಬೇಡಿಕೊಂಡ, ತಲೆ ಕೆರೆದುಕೊಂಡ.
ಪರದೆ ಕತ್ತಲಾಗಿತ್ತು.

ಇದು ನನಗೆ ಬರುತ್ತದೆ.
ನಾನು ಹತ್ತಿರ ಬಂದೊಡನೆ ನಿದ್ದೆ ಹೋಗುವವರು,
ಸತ್ತ ಫೋನಿನಲ್ಲಿ ಗಟ್ಟಿಯಾಗಿ ಮಾತಾಡುವವರು,
ಐದು ವರ್ಷ ಅಂತ ಹೇಳಿಸಿಕೊಂಡ, ಮೀಸೆ ಚಿಗುರಿದ ಹುಡುಗರು.
ಇಂಥವರ ನಡುವೆಯೇ ನಾನು ನಿಂತು ಸವೆದದ್ದು.

'ಅರವತ್ತೈದಕ್ಕಿಂತ ಕೆಳಗೆ ಆಗಲ್ವಂತೆ ಅಕ್ಕ.'
ಬಾಯಿ ತಾನಾಗಿ ತೆರೆಯಿತು:
'ಇನ್ನೂ ಒಳಗೆ ಹೋಗಿ, ಜಾಗ ಇದೆ!'

ಹಾಲೇಶ ತಿರುಗಿ ನೋಡಿದ.
'ನೀವು... ಏಳೂವರೆ ಬಸ್ಸಿನ ನೇತ್ರಾವತಿ ಅಕ್ಕ ಅಲ್ವಾ?
ಆಯನೂರಿಂದ ಕಾಲೇಜಿಗೆ ಬರ್ತಿದ್ದೆ.
ಒಂದಿನ ಟಿಕೆಟ್ ಹಿಂದೆ ಏಳು ಅಂತ ಬರೆದುಕೊಟ್ರಿ,
ಇಳಿಯೋ ಗಡಿಬಿಡಿ, ಮರೆತೆ.
ಆವತ್ತು ಕ್ಯಾಂಟೀನಿಗೆ ಹೋಗ್ಲಿಲ್ಲ ನೋಡಿ.'
ನಕ್ಕ. ಅವನಿಗೆ ಅದು ತಮಾಷೆ.

ಎಷ್ಟು ಟಿಕೆಟ್ಟು, ಎಷ್ಟು ಏಳು.
ರಾತ್ರಿ ಡಿಪೋದಲ್ಲಿ ಚೀಲ ಸುರಿದು ಎಣಿಸಿದಾಗ
ಹೆಚ್ಚಾದದ್ದನ್ನು ಕೆಲವು ದಿನ ಕಟ್ಟಿದ್ದೇನೆ.
ಕೆಲವು ದಿನ
ಮಗಳಿಗೆ ಜಿಲೇಬಿ ಒಯ್ದಿದ್ದೇನೆ.

ಮೇಜಿನಡಿ ಖಲಂದರ್ ನನ್ನ ಕಾಲು ತುಳಿದ,
ಕರಗಬೇಡ ಅಂತ.
ಪರ್ಸಿನಿಂದ ಐದರದೊಂದು, ಒಂದರವೆರಡು ತೆಗೆದು
ತುಕ್ಕಿನ ಗೆರೆಯ ಪಕ್ಕ ಇಟ್ಟೆ.
'ಅಯ್ಯೋ ಬಿಡಿ ಅಕ್ಕ.'
'ತಗೋ. ಅದರ ಲೆಕ್ಕ ಬೇರೆ, ಗಾಡಿ ಲೆಕ್ಕ ಬೇರೆ.
ಈಗ ಹೇಳು, ನಲವತ್ತೈದು.'

ಅರ್ಧ ಗಂಟೆ ಜಗ್ಗಾಡಿ ಐವತ್ತೆರಡಕ್ಕೆ ನಿಂತಿತು,
ಅದರಲ್ಲಿ ಇನ್ನೂರು ವೈಪರ್ ರಬ್ಬರಿಗೆ ಕಳೆದು.
ಎರಡು ಲಕ್ಷಕ್ಕೆ ಚೆಕ್ಕು, ಉಳಿದದ್ದು ಐನೂರರ ನೋಟು.
ಹಾಲೇಶ ಡ್ರಾಯರ್ ಎಳೆದ, ಜೇಬು ತಡವಿದ,
ಹುಡುಗನನ್ನು ಟೀ ಅಂಗಡಿಗೆ ಓಡಿಸಿದ.
ಎಲ್ಲೂ ಚಿಲ್ಲರೆ ಇಲ್ಲ.
ರಸೀದಿ ಮಗುಚಿ, ಹಿಂದೆ ಬರೆದ:
ಬಾಕಿ ೨೦೦.

ರಸೀದಿ ಈಗಲೂ ಕಾರಿನ ಕನ್ನಡಿಯ ಹಿಂದಿದೆ.
ಆ ದಾರಿಯಲ್ಲಿ ಎಷ್ಟೋ ಸಲ ಓಡಾಡಿದೆ,
ನಿಲ್ಲಿಸಿ ಕೇಳಿಲ್ಲ.
ಖಲಂದರನದು ಮಾತ್ರ ಒಂದೇ ರಾಗ,
ಆ ಟೀ ಕುಡಿಯದಿದ್ದರೆ
ನಲವತ್ತೇಳಕ್ಕೆ ಬರ್ತಿತ್ತು.