ತಳ ಸೇರುವ ಹೊತ್ತು

ಬೆಳಿಗ್ಗೆ ಆರೂ ಮುಕ್ಕಾಲಿಗೆ ಜುಫೈರ್‌ನ ಹೋಟೆಲಿನೆದುರು
ಕಾರು ನಿಲ್ಲಿಸಿದರೆ ಹಿಂದೆ ಕೂರುವವನಲ್ಲ
ಡಾಕ್ಟರ್ ವೀಬೆ ತೆರ್ಪ್‌ಸ್ತ್ರಾ.
ಮುಂದೆ, ನನ್ನ ಪಕ್ಕ,
ಉದ್ದದ ಮೊಣಕಾಲು ಡ್ಯಾಶ್‌ಬೋರ್ಡಿಗೆ ಒತ್ತಿಕೊಂಡು.
ಮಂತ್ರಿಯಾಗಿದ್ದಾಗ ಹಿಂದೆ ಕೂತು ಕೂತು
ದಾರಿಯೇ ಕಾಣಲಿಲ್ಲ ಮಾರಾಯ,
ಎಂಬರ್ಥದ ಇಂಗ್ಲಿಷು.

ಹಿದ್ದ್‌ನ ಆಚೆ ಕಡಲು ತುಂಬಿಸುತ್ತಿದ್ದಾರೆ.
ಹಡಗು ಹಾಲೆಂಡಿನದು, ಸೊಂಡಿಲೆತ್ತಿ ಮರಳು ಕಕ್ಕುತ್ತದೆ.
ಕಕ್ಕಿದ್ದು ನಿಲ್ಲುತ್ತದೋ ಇಲ್ಲವೋ ಹೇಳಲು ಇವನು,
ದಿನಕ್ಕಿಷ್ಟು ದಿನಾರು.

ಅವನ ಬದುಕು ನನಗೆ ಸಿಕ್ಕಿದ್ದು ಸಿಗ್ನಲ್ ಲೆಕ್ಕದಲ್ಲಿ.
ಮೊದಲ ಕೆಂಪಿಗೆ ಹದಿನೇಳು ವರ್ಷದ ಮೇಷ್ಟ್ರಗಿರಿ,
ಕೆಸರಿನ ಒಂದು ಕಣ ತಳ ಸೇರಲು ಎಷ್ಟು ಹೊತ್ತು
ಎಂಬುದರ ಮೇಲೆ ನಾನೂರು ಪುಟ.
ಓದಿದವರು ಆರು ಜನ. ಅದರಲ್ಲಿ ಹೆಂಡತಿ ಇಲ್ಲ.
ಸೇತುವೆಯ ಮೇಲೆ ಜಾಮ್ ಆದ ದಿನ
ಊರ ಕೌನ್ಸಿಲು, ಪಾರ್ಲಿಮೆಂಟು,
ಪ್ರಮಾಣವಚನಕ್ಕೆ ಸೈಕಲ್ಲಲ್ಲೇ ಹೋಗಿದ್ದು,
ನೀರಿನ ಖಾತೆ.

ಇಳಿದದ್ದು ಹೇಗೆಂದು ನಾನು ಕೇಳಿದವನಲ್ಲ.
ಒಂದು ಗುರುವಾರ, ಕರಕ್ ಚಹಾದ ಲೋಟ ಊದುತ್ತ
ತಾನೇ ಹೇಳಿದ:
ಹೊಸ ಒಡ್ಡು ನೂರು ವರ್ಷ ತಡೆಯುತ್ತದೆಯೇ
ಎಂದು ಎದುರು ಪಕ್ಷದ ಹೆಂಗಸು ಕೇಳಿದಳು.
ಗೊತ್ತಿಲ್ಲ, ಅಂದೆ.
ತರಗತಿಯಲ್ಲಿ ಹಾಗಂದರೆ ಹುಡುಗರು ಪೆನ್ನು ತೆಗೆಯುತ್ತಿದ್ದರು.
ಅಲ್ಲಿ ಕ್ಯಾಮೆರಾ ತೆಗೆದರು.
ಹನ್ನೊಂದನೇ ದಿನ ರಾಜೀನಾಮೆ.

ನಿಮ್ಮೂರಲ್ಲಿ ಹೇಗೆ?
ಉಳ್ಳಾಲದ್ದು ಹೇಳಿದೆ.
ನಮ್ಮ ಮನೆಯ ಮೂರನೇ ತೆಂಗು ಕಡಲಿಗೆ ಹೋದ ವರ್ಷ
ಲಾರಿಯಲ್ಲಿ ಕಲ್ಲು ಬಂತು, ಹಿಂದೆಯೇ ಮಂತ್ರಿ ಬಂದ,
ಪ್ಯಾಂಟು ಮಡಚಿ ನಿಂತು
ಇನ್ನು ನೂರು ವರ್ಷ ಚಿಂತೆ ಬೇಡ, ಅಂದ.
ಮುಂದಿನ ಆಟಿಗೆ ಕಲ್ಲೂ ಇಲ್ಲ, ನಮ್ಮ ಬಚ್ಚಲ ಗೋಡೆಯೂ ಇಲ್ಲ.
"ಮಂತ್ರಿ?"
"ಇದ್ದಾರೆ ಸರ್. ಈಗ ಬೇರೆ ಖಾತೆ."
ನಕ್ಕ ರಭಸಕ್ಕೆ ಚಹಾ ಚೆಲ್ಲಿತು.
ಸೀಟಿನ ಕವರು ಅಲ್ಲಿ ಇನ್ನೂ ಕಂದು.

ಹೋಗುವ ಮುನ್ನಾದಿನ ಹಿದ್ದ್‌ನ ಕೆಸರು ಜಾಡಿಯಲ್ಲಿ ತಂದು
ಕುಲುಕಿ, ಗೇರಿನ ಪಕ್ಕ ಇಟ್ಟ.
ಮರಳು, ನೋಡು, ಹತ್ತೆಣಿಸುವುದರೊಳಗೆ ಕೂರುತ್ತದೆ.
ಜೇಡಿಗೆ ದಿನಗಟ್ಟಲೆ ಬೇಕು.
ಅಲುಗಾಡಿಸಬಾರದು.

ಈಗ ಹಿಂದಿನ ಸೀಟಿನಲ್ಲಿ ಯಾರೋ ಬ್ಯಾಂಕಿನವರು,
ಫೋನಿನಲ್ಲೇ ಇರುತ್ತಾರೆ.
ಜಾಡಿ ಅಲ್ಲೇ ಇದೆ.
ರಾತ್ರಿಯಿಡೀ ನಿಂತ ಕಾರಿನೊಳಗೆ
ಮೇಲಿನ ನೀರು ತಿಳಿಯಾಗಿರುತ್ತದೆ,
ಒಂದು ಬೆರಳಗಲ.
ಮೊದಲ ಕೆಂಪಿಗೆ ಬ್ರೇಕು ಒತ್ತುತ್ತೇನೆ.